ಘಾಟಿನಲ್ಲಿ ನಿಂತ ಕಾರು – ಒಂಬತ್ತನೆಯ ಕಂತು: ಎರಡು ವಾಷರ್

"ಬೋಲ್ಟ್ ಲೂಸ್ ಆಯ್ತು. ಎಲ್ಲರೂ ನೋಡ್ಕೊಳ್ಳಿ, ಆಮೇಲೆ ನೋಡಿಲ್ಲ ಅನ್ಬೇಡಿ!"

ಗುಂಡಿಯೊಳಗಿಂದ ವಿಮಾ ಕಂಪನಿ ಕಳಿಸಿದ ತಜ್ಞ ಚಲುವರಾಜುವಿನ ದನಿ ಬಂತು. ನಾವೆಲ್ಲ ಬಗ್ಗಿದೆವು.

ಠಾಣೆಯ ಹಿಂದಿನ ಅಂಗಳದಲ್ಲಿ ಪೊಲೀಸ್ ಜೀಪುಗಳ ರಿಪೇರಿಗೆಂದು ತೋಡಿದ ಗುಂಡಿ ಅದು. ಅದರ ಮೇಲೆ ದಿಗಂಬರ ಇನಾಮದಾರರ ಬೂದು ಬಣ್ಣದ ಕಾರು ನಿಂತಿತ್ತು. ಬುಧವಾರ ಬೆಳಿಗ್ಗೆ ದಿವೆ ಘಾಟಿನ ನಡುವೆ ಸಿಕ್ಕಿದ್ದ ಕಾರು. ಒಳಗೆ ಮಾಲೀಕರಿಲ್ಲ, ಗೇರ್‌ಬಾಕ್ಸಿನಲ್ಲಿ ಎಣ್ಣೆಯಿಲ್ಲ.

ಆ ಎಣ್ಣೆಯನ್ನು ಅದರ ಹಿಂದಿನ ದಿನ, ಮಂಗಳವಾರವಷ್ಟೇ ಬದಲಿಸಿಕೊಟ್ಟವನು ತಳೇಗಾಂವ ದಾಭಾಡೆಯ ಮೆಕ್ಯಾನಿಕ್ ಹುಲಿಗೆಪ್ಪ. ಅವನೀಗ ನಮ್ಮಿಂದ ಹತ್ತು ಹೆಜ್ಜೆ ದೂರದ ಸಿಮೆಂಟು ಕಟ್ಟೆಯ ಮೇಲೆ, ಕಾನ್‌ಸ್ಟೇಬಲ್ ಒಬ್ಬನ ಪಕ್ಕದಲ್ಲಿ, ತಲೆ ತಗ್ಗಿಸಿ ಕೂತಿದ್ದ. ಪೊಲೀಸರು ಹೇಳುವುದು ಸರಳ. ಹಳೆಯ ಎಣ್ಣೆ ಇಳಿಸಿದ, ಹೊಸದನ್ನು ಅರ್ಧಂಬರ್ಧ ಹಾಕಿದ, ಕಾರು ಘಾಟಿನಲ್ಲಿ ಕೈಕೊಟ್ಟಾಗ ಹಿಂದೆ ಬಂದು ದಿಗಂಬರರನ್ನು ಎತ್ತಿಕೊಂಡು ಹೋದ. ಕಾರಣವನ್ನೂ ಹುಡುಕಿಟ್ಟಿದ್ದರು. ರಾಂಜಣಗಾಂವದಲ್ಲಿ ದಿಗಂಬರರದು ವಾಷರ್ ತಯಾರಿಸುವ ಕಾರ್ಖಾನೆ. ಹಿಂದೆ ಅಲ್ಲಿ ಕೆಲಸಕ್ಕಿದ್ದಾಗ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕು ಹುಲಿಗೆಪ್ಪ ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದ.

ಮಧ್ಯಾಹ್ನ ಮೂರಕ್ಕೆ ಅವನನ್ನು ಕೋರ್ಟಿಗೆ ಒಯ್ಯಬೇಕಿತ್ತು. ಅಲ್ಲಿಂದ ಮುಂದೆ ಜೈಲು. ಈಗ ಗಂಟೆ ಹತ್ತೂವರೆ.

ನನ್ನ ಹೆಂಡತಿ ಇಂದೂ ಇಪ್ಪತ್ತೆಂಟು ವರ್ಷ ವಿಮಾ ಕಂಪನಿಗಳ ಪರವಾಗಿ ನುಜ್ಜುಗುಜ್ಜಾದ ಗಾಡಿಗಳನ್ನು ತಪಾಸಣೆ ಮಾಡಿದವಳು. ನಿವೃತ್ತಿಯ ನಂತರ ಮನುಷ್ಯರ ತಪಾಸಣೆ ಹಿಡಿದಿದ್ದಾಳೆ. ನಾನು ಮಧ್ವೇಶ. ಪೋಸ್ಟ್ ಆಫೀಸಿನಲ್ಲಿ ಮೂವತ್ತೈದು ವರ್ಷ ಠಸ್ಸೆ ಹೊಡೆದು, ಈಗ ಅವಳ ಕೈಚೀಲ ಹಿಡಿಯುವ ಕೆಲಸಕ್ಕೆ ಬಡ್ತಿ ಪಡೆದವನು.

ಬೋಲ್ಟು ಪೂರ್ತಿ ಕಳಚಿತು. ಚಲುವರಾಜು ಹಿಡಿದಿದ್ದ ಟ್ರೇಗೆ ಎಣ್ಣೆ ಸುರಿಯಿತು. ಸುರಿಯಿತೆಂದರೆ ತಪ್ಪಾದೀತು, ಎರಡು ಲೋಟದಷ್ಟು ಬಂದು ನಿಂತುಹೋಯಿತು.

"ನೋಡ್ರಿ, ಇಷ್ಟ ಎಣ್ಣಿ!" ಸುರಭಿಯ ದನಿ ಒಡೆಯಿತು. ದಿಗಂಬರರ ಹೆಂಡತಿ. ಮೂರು ದಿನದಿಂದ ಅತ್ತು ಅತ್ತು ಕಣ್ಣು ಬಾತಿದ್ದವು. "ಅವನು ತುಂಬಿಸೇ ಇಲ್ಲ ಅನ್ನಾಕ ಇನ್ನೇನು ಬೇಕ್ರಿ ನಿಮಗ?"

ಇಂದೂ ಟ್ರೇಯನ್ನು ಮೇಲಕ್ಕೆ ತರಿಸಿ, ಬೆರಳದ್ದಿ, ಮೂಗಿನ ಹತ್ತಿರ ಹಿಡಿದಳು. ಕೋಕಂ ಶರಬತ್ತಿನಂಥ ಕೆಂಪು. "ಸುಟ್ಟ ವಾಸನಿ ಇಲ್ಲ, ಅಂಬಾದಾಸ. ಕರಿ ಚೂರೂ ಇಲ್ಲ."

ಸಬ್ ಇನ್‌ಸ್ಪೆಕ್ಟರ್ ಅಂಬಾದಾಸ ಸೊಲ್ಲಾಪುರದವನು. ಸಿಬ್ಬಂದಿಯ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಮೇಲಧಿಕಾರಿಗಳ ಜೊತೆ ಬರೀ ತಲೆಯಾಡಿಸುವುದು.

"ಮ್ಯಾಡಮ್, ವಾಸನಿ ನೋಡಿ ಕೋರ್ಟು ಯಾರನ್ನೂ ಬಿಡಂಗಿಲ್ರಿ," ಎಂದ.

"ಅದಕ್ಕ ಹೇಳಿದ್ದು, ಗಾಡಿನ ಸಾಕ್ಷಿ ಹೇಳಲಿ ಅಂತ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಎಣ್ಣಿ ಅಂದ್ರ ರಕ್ತ ಇದ್ದಂಗ. ಅದು ಇಲ್ಲದ ತಳೇಗಾಂವದಿಂದ ಘಾಟಿನ ತನಕಾ ಓಡಿದ್ರ ಒಳಗಿನ ಪ್ಲೇಟು ಸುಟ್ಟು ಬೂದಿ ಆಗಿರಬೇಕು. ಈಗ ಹೊಸಾ ಎಣ್ಣಿ ತುಂಬೋಣು. ಗಾಡಿ ಚಲೋ ಎಳೀತು ಅಂದ್ರ ಅದು ಒಣಗಿ ಓಡಿಲ್ಲ. ಘಾಟಿನಾಗ ನಿಂತ ಮ್ಯಾಲೆ ಯಾರೋ ಎಣ್ಣಿ ಇಳಿಸ್ಯಾರ. ಎಳೀಲಿಲ್ಲ ಅಂದ್ರ..."

"ಎಳೀಲಿಲ್ಲ ಅಂದ್ರ?"

"ಹುಲಿಗೆಪ್ಪನ್ನ ನೀವು ಒಯ್ರಿ. ನಾ ಮನಿಗೆ ಹೋಗ್ತೀನಿ."

ಕಟ್ಟೆಯ ಬಳಿ ನಿಂತಿದ್ದ ಶಿವಕಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಲಿಗೆಪ್ಪನ ಹೆಂಡತಿ. ಗಂಡನನ್ನು ಒಯ್ದ ಸಂಜೆಯೇ ಕರ್ವೇನಗರದ ನಮ್ಮ ಮನೆಯ ಬಾಗಿಲು ಬಡಿದು, "ನಮ್ಮವ್ರು ಮಾತಾಡವಲ್ರು, ಅವ್ರ ಬದ್ಲಿ ನೀವು ಮಾತಾಡ್ರಿ" ಎಂದವಳು ಅವಳೇ.

ಮಾತಾಡವಲ್ರು ಎಂದದ್ದು ಸುಳ್ಳಲ್ಲ. ಮೂರು ದಿನದಿಂದ ಹುಲಿಗೆಪ್ಪನ ಬಾಯಿಂದ ಹೊರಟದ್ದು ಒಂದೇ ಮಾತು: "ಏನ್ ಬರ್ತೈತೋ ಬರ್ಲಿ ಬಿಡ್ರಿ." ಬಾಯಲ್ಲಿ ಕಡುಬು ತುರುಕಿದವನಂತೆ ಕೂತ ಮನುಷ್ಯನನ್ನು ಉಳಿಸುವುದು ಹೇಗೆ? ನನಗಂತೂ ಅವನ ಮೇಲೆ ಸಿಟ್ಟೇ ಬಂದಿತ್ತು.

"ಮೇಡಂ, ಒಂದ್ನಿಮಿಷ," ಚಲುವರಾಜು ಗುಂಡಿಯಿಂದ ಕೈ ಚಾಚಿದ. "ಈ ಡ್ರೈನ್ ಬೋಲ್ಟಲ್ಲಿ ಎರಡು ವಾಷರ್ ಇದೆ. ಒಂದೇ ಇರ್ಬೇಕು. ವಿಚಿತ್ರ ಅಲ್ವಾ?"

ಅವನ ಅಂಗೈಯಲ್ಲಿ ತಾಮ್ರದ ಎರಡು ಬಳೆಗಳು, ಒಂದೊಂದೂ ರೂಪಾಯಿ ನಾಣ್ಯದಷ್ಟಗಲ. ಒಂದು ಚಪ್ಪಟೆಯಾಗಿ ಮಾಸಿತ್ತು. ಇನ್ನೊಂದು ಥಳಥಳ ಹೊಳೆಯುತ್ತಿತ್ತು. ಇಂದೂ ಎರಡನ್ನೂ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು, ಅಂಬಾದಾಸನಿಗೆ ಫೋಟೋ ತೆಗೆಯಲು ಹೇಳಿ, ಚೀಟಿ ಅಂಟಿಸಿದ ಪೊಟ್ಟಣಕ್ಕೆ ಹಾಕಿಸಿದಳು. ಅವಳ ಕೆಳತುಟಿ ಒಂದಿಷ್ಟು ಒಳಗೆ ಹೋಯಿತು. ನಲವತ್ತು ವರ್ಷದ ಸಂಸಾರ. ಆ ತುಟಿ ಒಳಗೆ ಹೋದರೆ ನಾನು ಪ್ರಶ್ನೆ ಕೇಳುವುದಿಲ್ಲ.

"ಮೊದಲ ಎಣ್ಣಿ ತುಂಬ್ರಿ. ವಾಷರಿನ ಮಾತು ಆಮ್ಯಾಲೆ," ಎಂದಳು.

ಗಾಡಿ ಯಾರು ನಡೆಸಬೇಕೆಂಬ ಪ್ರಶ್ನೆ ಬಂತು. ಪೊಲೀಸರು ನಡೆಸಿದರೆ ಆರೋಪಿಯ ಕಡೆಯವರು ಒಪ್ಪುವುದಿಲ್ಲ. ಸುರಭಿಯ ತಮ್ಮ ಮಂದಾರ, "ನಾ ನಡಸ್ತೀನಿ, ನನಗ ಈ ಗಾಡಿ ರೂಢಿ ಅದ," ಎಂದು ಮುಂದೆ ಬಂದ. ಕಾರ್ಖಾನೆಯಲ್ಲಿ ದಿಗಂಬರರ ಪಾಲುದಾರ, ಮೂವತ್ತೈದರ ಹುಡುಗ, ಬೆಳಗಿನಿಂದ ಎಲ್ಲರಿಗೂ ಚಹಾ ನೀರು ನೋಡಿಕೊಂಡವನು. ಆದರೆ ಅವನು ದೂರು ಕೊಟ್ಟವರ ಕಡೆಯವನು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ನಾ ಆಟೋಮ್ಯಾಟಿಕ್ ಗಾಡಿ ಒಮ್ಮೆನೂ ಮುಟ್ಟಿಲ್ಲ," ಎಂದೆ.

"ಬಲಗಾಲು ಒಂದ ಸಾಕು," ಎಂದಳು ಇಂದೂ. "ಎಡಗಾಲು ಮನ್ಯಾಗ ಬಿಟ್ಟುಬಂದೀನಿ ಅಂತ ತಿಳ್ಕೋರಿ."

ಸ್ಟಿಯರಿಂಗಿನ ಹಿಂದೆ ಕೂತೆ. ಚಲುವರಾಜು ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ, ಅಂಗೈಯಗಲದ ಯಂತ್ರವೊಂದನ್ನು ನನ್ನ ತೊಡೆಯ ಮೇಲಿಟ್ಟ. ಗೇರ್ ಎಣ್ಣೆಯ ಬಿಸಿ ಎಷ್ಟೆಂದು ಅದು ತೋರಿಸುತ್ತದಂತೆ. ಆಗ ತೋರಿಸುತ್ತಿದ್ದದ್ದು ಇಪ್ಪತ್ತೊಂಬತ್ತು.

ಕೆಳಗೆ ಕೈಪಂಪಿನ ಸದ್ದು. ಸಾಕ್ಷಿಗೆಂದು ಪೊಲೀಸರು ಕರೆಸಿದ್ದ ಪಂಚರು ಒಂದೊಂದು ಡಬ್ಬಿಯ ಸೀಲನ್ನೂ ನೋಡಿ ತಲೆಯಾಡಿಸುತ್ತಿದ್ದರು. ಒಂದು ಲೀಟರ್. ಎರಡು. ಮೂರು. ಮೂರೂವರೆಯ ಹೊತ್ತಿಗೆ ಎಣ್ಣೆಯ ಮಟ್ಟ ನೋಡಲೆಂದು ಮಗ್ಗುಲಲ್ಲಿರುವ ಲೆವೆಲ್ ಬೋಲ್ಟಿನ ತೂತಿನಿಂದ ಎಣ್ಣೆ ಸಣ್ಣಗೆ ಹೊರಗಿಣುಕಿತು.

"ತುಂಬಿ ಹೊರಗಡೆ ಬರ್ತಾ ಇದೆ. ಫುಲ್!" ಎಂದ ಚಲುವರಾಜು. ಅವನು ಮಂಡ್ಯದ ಕಡೆಯವನು. "ಬೋಲ್ಟ್ ಟೈಟ್ ಮಾಡ್ಬಿಡ್ತೀನಿ. ಸರ್, ಸ್ಟಾರ್ಟ್ ಮಾಡಿ ಡೈರೆಕ್ಟಾಗಿ ಮುಂದಕ್ಕೆ ಹೋಗೋ ಡಿ ಗೇರಿಗೆ ಹಾಕಿ, ನೋಡೇ ಬಿಡೋಣ."

ನಾನು ಕೀಲಿಯ ಮೇಲೆ ಕೈಯಿಟ್ಟೆ.

"ಹಾಕಬ್ಯಾಡ್ರೀ!"

ಅಂಗಳ ನಡುಗಿತು. ಮೂರು ದಿನ ಬಾಯಿ ಬಿಡದಿದ್ದ ಹುಲಿಗೆಪ್ಪ ಕಟ್ಟೆಯಿಂದ ಎದ್ದು ನಿಂತಿದ್ದ. ಕಾನ್‌ಸ್ಟೇಬಲ್ ಅವನ ತೋಳು ಹಿಡಿದು ಜಗ್ಗುತ್ತಿದ್ದ.

"ಯಾಂವ ಕಲಿಸಿದ್ನೋ ನಿನಗ? ಇಂಜಿನ್ ಬಂದ್ ಇದ್ದಾಗ ಹೊರಗ ಬಂದ್ರ ಅದು ತುಂಬಿದ್ದಲ್ಲ! ಚಾಲೂ ಮಾಡಿದ ಕೂಡ್ಲೇ ಒಳಗಿನ ಪಂಪು ಅಷ್ಟೂ ಎಣ್ಣಿ ಕನ್ವರ್ಟರಿಗೆ ಎಳಕೊಂತೈತಿ, ತಳಾ ಖಾಲಿ ಆಕ್ಕೈತಿ. ಆಗ ಡಿ ಹಾಕಿದ್ರ ಗೇರು ಜಾರ್ತೈತಿ, ಪ್ಲೇಟು ಸುಡ್ತಾವ. ಚಲೋ ಇದ್ದ ಗೇರ್‌ಬಾಕ್ಸ್ ಕೊಲ್ತೀಯಲ್ಲೋ ಮಾರಾಯಾ!"

ಅಷ್ಟು ಹೇಳಿ ಅವನು ಏನೋ ಎಡವಟ್ಟು ಮಾಡಿಕೊಂಡವನಂತೆ ಕೈಯಿಂದ ಬಾಯಿ ಒರೆಸಿಕೊಂಡು ಮತ್ತೆ ಕೂತ.

ಚಲುವರಾಜುವಿನ ಮುಖ ಗುಂಡಿಯ ಅಂಚಿನಲ್ಲಿ ಮೂಡಿತು, ಕೆಂಪಾಗಿ. "ನಮ್ ಸರ್ವಿಸ್ ಸೆಂಟರಲ್ಲಿ ಮಷೀನೇ ಎಲ್ಲಾ ಮಾಡುತ್ತೆ, ಮೇಡಂ. ಕೈಯಲ್ಲಿ ಮಾಡಿ ತುಂಬಾ ವರ್ಷ ಆಯ್ತು." ಒಂದು ಕ್ಷಣ ಯೋಚಿಸಿದ. "ಅವ್ರು ಹೇಳೋದು ಕರೆಕ್ಟು."

"ಹಂಗಾರ ಏನು ಮಾಡಬೇಕು, ಹುಲಿಗೆಪ್ಪಾ?" ಇಂದೂ ಅಲ್ಲಿಂದಲೇ ಕೇಳಿದಳು.

ಅವನು ನೆಲ ನೋಡಿದ. ಹೇಳಲೋ ಬೇಡವೋ ಎಂದು ತೂಗಿದ. ಕೊನೆಗೆ ಕಸುಬು ಗೆದ್ದಿತು.

"ಬ್ರೇಕು ಒತ್ತಿ ಹಿಡಕೊಂಡು ಚಾಲೂ ಮಾಡಾಕ ಹೇಳ್ರಿ. ಗೇರು ಒಂದೊಂದಾಗಿ ಹಾಕ್ರಿ. ಒಂದೊಂದರಾಗೂ ಹತ್ತು ಎಣಿಸೋ ತನಕ ನಿಲ್ರಿ. ಮತ್ತ ಪಾರ್ಕಿಗೆ ತಂದು, ಎಣ್ಣಿ ನಲವತ್ತಕ್ಕ ಬರೋ ತನಕ ಕಾಯ್ರಿ. ಇಂಜಿನ್ ಚಾಲೂನ ಇರಲಿ. ಆಗ ಲೆವೆಲ್ ಬೋಲ್ಟ್ ಬಿಚ್ಚಿ ನೋಡ್ರಿ."

ಇಂಜಿನ್ ಎದ್ದಿತು. ಬಲಗಾಲನ್ನು ಬ್ರೇಕಿನ ಮೇಲೆ ನೆಟ್ಟು ಗೇರಿನ ಹಿಡಿ ಸರಿಸಿದೆ. ಹತ್ತು ಎಣಿಸಿದೆ. ಇನ್ನೊಂದು. ಹತ್ತು. ನನ್ನ ಜೀವನದಲ್ಲಿ ಹತ್ತರ ತನಕ ಇಷ್ಟು ಶ್ರದ್ಧೆಯಿಂದ ಎಣಿಸಿದ್ದು ಅಂಕಲಿಪಿ ಕಲಿತಾಗ ಮಾತ್ರ.

"ಬಿಸಿ ಎಷ್ಟಾತ್ರಿ?" ಇಂದೂ ಕೇಳಿದಳು.

"ಮೂವತ್ಮೂರು."

ಶಿವಕಾಂತಾ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದಳು. ಸುರಭಿ ತಮ್ಮನ ತೋಳು ಹಿಡಿದು ನಿಂತಿದ್ದಳು. ಅವಳಿಗೆ ಏನು ಬೇಕಾಗಿತ್ತು ಆಗ? ಕಾರು ಎಳೆಯದಿದ್ದರೆ ಅಪರಾಧಿ ಸಿಕ್ಕ; ಎಳೆದರೆ ಗಂಡನ ಸುಳಿವೇ ತಪ್ಪಿತು. ಅವಳ ಮೇಲೂ ನನಗೆ ಕನಿಕರ ಬಂತು.

"ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು!"

ಚಲುವರಾಜು ಬೋಲ್ಟು ಬಿಚ್ಚಿದ. "ಒಂದು ಹನೀನೂ ಬರ್ತಿಲ್ಲ, ಮೇಡಂ," ಎಂದ. "ಎಲ್ಲಾ ಮೇಲಕ್ಕೆ ಎಳ್ಕೊಂಡ್ಬಿಟ್ಟಿದೆ."

ಮತ್ತೆ ಕೈಪಂಪು. ಅರ್ಧ ಲೀಟರ್. ಒಂದು. ಒಂದೂವರೆಗೆ ಬಂದಾಗ ತೂತಿನಿಂದ ಎಣ್ಣೆ ನೂಲಿನಂತೆ ಇಳಿಯಿತು, ಆಮೇಲೆ ತೊಟ್ಟಿಕ್ಕಿತು.

"ಈಗ ಮುಚ್ಚು," ಎಂದ ಹುಲಿಗೆಪ್ಪ, ತನಗೇ ಹೇಳಿಕೊಂಡಂತೆ.

ಒಂದೂವರೆ ಲೀಟರ್ ಕಡಿಮೆ! ಆ ಸ್ಥಿತಿಯಲ್ಲಿ ಡಿಗೆ ಹಾಕಿದ್ದರೆ ಗಾಡಿ ಗುರ್ ಎಂದು ನಿಂತಲ್ಲೇ ನಿಲ್ಲುತ್ತಿತ್ತು, ಇವನು ನೆಟ್ಟಗೆ ಜೈಲಿಗೆ ಹೋಗುತ್ತಿದ್ದ.

ಚಲುವರಾಜು ಮೇಲೆ ಬಂದ. ಗುಂಡಿಯಿಂದ ಗೇಟಿನವರೆಗೆ ಅಂಗಳ ಏರು. ಅದನ್ನು ಹತ್ತಬೇಕು, ಅಷ್ಟೇ.

"ಹಾಕ್ರಿ," ಎಂದಳು ಇಂದೂ.

ಡಿಗೆ ಹಾಕಿದೆ. ಬ್ರೇಕು ಬಿಟ್ಟೆ. ಕಾರು ಮೆಲ್ಲಗೆ ಕದಲಿತು. ಆ ಸಂಭ್ರಮದಲ್ಲಿ ನನ್ನ ಎಡಗಾಲಿಗೆ ನಲವತ್ತು ವರ್ಷದ ಕ್ಲಚ್ಚಿನ ನೆನಪು ಮರುಕಳಿಸಿ, ಸಿಕ್ಕ ಪೆಡಲನ್ನು ಬಲವಾಗಿ ತುಳಿಯಿತು. ಕಾರು ಧಡಕ್ಕೆಂದು ನಿಂತಿತು.

"ಜಾರ್ತು!" ಎಂದು ಯಾರೋ ಕೂಗಿದರು. ಶಿವಕಾಂತಾ ಕುಸಿದು ಕೂತಳು.

"ಜಾರಿಲ್ರೀ, ನಾನ ಬ್ರೇಕು ತುಳದೆ!" ನಾನು ಕಿಟಕಿಯಿಂದ ತಲೆ ಹಾಕಿ ಕೂಗಿದೆ. "ತಪ್ಪು ನನ್ನ ಎಡಗಾಲಿಂದು!"

ಇಂದೂ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಮತ್ತೆ ಬಿಟ್ಟೆ. ಕಾರು ಏರು ಹತ್ತಿತು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋದದ್ದು ಗೊತ್ತಾಗಲೂ ಇಲ್ಲ, ಅಷ್ಟು ನಯ. ಗೇಟಿನ ತನಕ ಹೋದೆ, ಹಿಂದಕ್ಕೆ ತಂದೆ, ಮತ್ತೆ ಹೋದೆ. ಮೂರನೆಯ ಸಲ ಹೋಗುವ ಅಗತ್ಯವಿರಲಿಲ್ಲ, ಖುಷಿಗೆ ಹೋದೆ.

"ಗೇರ್‌ಬಾಕ್ಸ್ ಪಕ್ಕಾ ಇದೆ," ಚಲುವರಾಜು ಪಂಚನಾಮೆಯ ಹಾಳೆಗೆ ಸಹಿ ಹಾಕುತ್ತ ಹೇಳಿದ. "ಇದು ಯಾವತ್ತೂ ಡ್ರೈ ಓಡಿಲ್ಲ. ಗಾಡಿ ನಿಂತ್ಮೇಲೆ ಯಾರೋ ಕೆಳಗೆ ಮಲಗಿ ಡ್ರೈನ್ ಮಾಡಿ, ಆಯಿಲ್ ತಗೊಂಡೋಗಿದಾರೆ."

ಶಿವಕಾಂತಾ ನೆಲದ ಮೇಲೆ ಕೂತಲ್ಲೇ ಜೋರಾಗಿ ಅತ್ತಳು. ಅದು ಬೇರೆ ಅಳು, ಕೇಳಿದವರಿಗೂ ಹಗುರಾಗುವಂಥದ್ದು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಅಂಬಾದಾಸ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಕೋರ್ಟಿನಾಗ ನಾ ಇದನ್ನ ಹಂಗ ಇಡ್ತೀನ್ರಿ, ಮ್ಯಾಡಮ್. ಜಾಮೀನಿಗೆ ಅಡ್ಡ ಬರಂಗಿಲ್ಲ. ಸಂಜಿಗೆ ಮನಿಯಾಗ ಇರ್ತಾನ."

ಹುಲಿಗೆಪ್ಪ ಮಾತ್ರ ನಗಲಿಲ್ಲ. ದಣಿವಿರಬೇಕು ಅಂದುಕೊಂಡೆ. ಹೊಸ ಹೇಳಿಕೆ ಬರೆಸಿಕೊಳ್ಳಲು ಕಾನ್‌ಸ್ಟೇಬಲ್ ಅವನನ್ನು ಠಾಣೆಯ ಒಳಗೆ ಕರೆದುಕೊಂಡು ಹೋದ.

ಮಂದಾರ ವಡಾಪಾವ್ ತರಿಸಿದ. ಎಲ್ಲರಿಗೂ ಏಕಾಏಕಿ ಹಸಿವೆಯಾಗಿತ್ತು. ನಾನು ಎರಡನೆಯದಕ್ಕೆ ಕೈ ಹಾಕಿದಾಗ ಇಂದೂ ಪೊಟ್ಟಣ ಹಿಡಿದು ಸುರಭಿಯ ಎದುರು ಕೂತಳು.

"ಸುರಭಿ, ಇದನ್ನ ನೋಡ್ರಿ. ಈ ಹಳೇದು ಹುಲಿಗೆಪ್ಪ ಮಂಗಳವಾರ ಹಾಕಿದ್ದು. ಬಿಗಿ ಮಾಡಿದಾಗ ಚಪ್ಪಟಿ ಆಗಿ ಮ್ಯಾಲಿನ ಕಬ್ಬಿಣಕ್ಕ ಅಂಟಿಕೊಂಡದ. ಹೊಸಾದು ಹಾಕೋವಾಗ ಕಸುಬಿನವರಾದ್ರ ಹಳೇದನ್ನ ಕಿತ್ತಿ ತಗೀತಾರ. ಘಾಟಿನಾಗ ಎಣ್ಣಿ ಇಳಿಸಿದವರು ಅದು ಅಂಟೇದ ಅಂತ ನೋಡೇ ಇಲ್ಲ, ಹೊಸಾದನ್ನ ಅದರ ಮ್ಯಾಲೆ ಹಾಕ್ಯಾರ."

"ಅಂದ್ರ?"

"ಅಂದ್ರ ಇವರು ಮೆಕ್ಯಾನಿಕ್ ಅಲ್ಲ. ಆದ್ರ ಕದ್ದು ಎಣ್ಣಿ ಇಳಿಸೋವಾಗನೂ ಹೊಸಾ ವಾಷರ್ ಹಾಕದ ಬೋಲ್ಟು ಮುಚ್ಚಾಕ ಇವರ ಮನಸ್ಸು ಒಪ್ಪಿಲ್ಲ. ಇಂಥಾ ಚಟಾ ಯಾರಿಗದ?"

ಸುರಭಿ ಪೊಟ್ಟಣವನ್ನು ಕಣ್ಣ ಹತ್ತಿರ ಹಿಡಿದಳು. ಹೊಳೆಯುವ ವಾಷರಿನ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ತ್ರಿಕೋನವೊಂದು ಒತ್ತಿತ್ತು. ಅವಳ ಮುಖ ಬಿಳುಪೇರಿತು.

"ಇದು ನಮ್ಮ ಕಾರ್ಖಾನಿ ಗುರುತು."

"ಹೌದಲ್ಲ? ನೀವು ಅಲ್ಲಿ ಮಾಲು ತಪಾಸಣಿ ಮಾಡೋರು. ನನಗ ಸುಳ್ಳು ಹೇಳಬ್ಯಾಡ್ರಿ. ಘಾಟಿಗೆ ಹೋಗಿದ್ದು ನೀವೇನು?"

"ನಾನಾ!" ಸುರಭಿ ಎದ್ದು ನಿಂತಳು. "ಮೂರು ದಿನಾ ಅನ್ನ ನೀರು ಬಿಟ್ಟು ಕೂತೀನ್ರಿ ನಾ. ಗಂಡನ್ನ ಕಳಕೊಂಡಾಕಿಗೆ ಹಿಂಗ ಕೇಳಾಕ ನಿಮಗ ನಾಲಿಗಿ ಹ್ಯಾಂಗ ಬಂತು?"

"ಮತ್ತ ಯಾರು, ಹೇಳ್ರಿ. ಒಬ್ಬ ಬಡವ ಮೂರು ದಿನಾ ಕಂಬಿ ಹಿಂದ ಇದ್ದ, ನಿಮ್ಮ ದೂರಿನಿಂದ."

ಸುರಭಿ ಮತ್ತೆ ವಾಷರನ್ನು ನೋಡಿದಳು. ಆಮೇಲೆ ನಾನು ನಿರೀಕ್ಷಿಸದ ಒಂದು ನಡೆಯಿತು. ಅವಳು ನಕ್ಕಳು. ಕಣ್ಣೀರು ಸುರಿಯುತ್ತಿತ್ತು, ನಗುತ್ತಿದ್ದಳು.

"ಅವರ ರೀ! ನಮ್ಮನಿಯವರ! ಒಮ್ಮೆ ಬಿಚ್ಚಿದ ವಾಷರ್ ಮತ್ತ ಹಾಕಿದ್ರ ಮಹಾಪಾಪ ಅಂತಾರ. ಕುಕ್ಕರಿನ ರಬ್ಬರ್ ನಾ ಎರಡು ವರ್ಷ ವಾಪರಿಸಿದ್ದಕ್ಕ ನನ್ನ ಜೋಡಿ ಒಂದು ದಿನಾ ಮಾತು ಬಿಟ್ಟಿದ್ರು. ಗಾಡ್ಯಾಗ ಯಾವಾಗ್ಲೂ ಒಂದು ಡಬ್ಬಿ ತುಂಬ ಇಟ್ಟಿರ್ತಾರ. ಮಂದಾರಾ, ಭಾವನ ಮಾಡ್ಯಾರೋ ಇದನ್ನ! ಯಾರೂ ಎತ್ತಿಕೊಂಡು ಹೋಗಿಲ್ಲ. ಅವರು ಇದ್ದಾರ, ಜೀವಂತ ಇದ್ದಾರ!"

ಹೋದ ಜೀವ ಬಂದಂತೆ ಅವಳ ಮುಖ ಅರಳಿತು. ತನ್ನ ಗಂಡನನ್ನು ದೂರಿದವಳ ಕೈಯನ್ನು ಶಿವಕಾಂತಾ ತಾನೇ ಬಂದು ಹಿಡಿದಳು. ನನ್ನ ಕಣ್ಣೂ ಒದ್ದೆಯಾದವು.

"ತಾವ ಯಾಕ ಹಿಂಗ ಮಾಡಿದ್ರು?" ಅಂಬಾದಾಸ ಕೇಳಿದ.

"ಏನೋ ತಲಿಬಿಸಿ ಇತ್ರಿ, ತಿಂಗಳಿಂದ ನಿದ್ದಿ ಮಾಡಿರಲಿಲ್ಲ. ಅವರು ಎಲ್ಲಿ ಹೋಗಿರ್ತಾರ ಅಂತ ನನಗ ಗೊತ್ತು. ಬ್ಯಾಸರಾದ್ರ ಅವರಿಗೆ ಇರೋದು ಒಂದ ಜಾಗಾ. ಜೇಜುರಿ, ಅವರ ನರ್ಮದಾ ಅತ್ಯಾನ ಮನಿ."

ಬಲವಂತವಾಗಿ ಎತ್ತಿಕೊಂಡು ಹೋದವರನ್ನು ಸೋದರತ್ತೆಯ ಮನೆಯಲ್ಲಿ ಹುಡುಕುವವರು ಯಾರು? ಅಲ್ಲಿಗೆ ಯಾರೂ ಫೋನು ಮಾಡಿರಲಿಲ್ಲ. ಸುರಭಿ ಈಗ ಮಾಡಿದಳು. ಆ ಕಡೆಯಿಂದ ಮುದುಕಿಯ ದನಿ ನಮಗೂ ಕೇಳುವಷ್ಟು ಜೋರಾಗಿತ್ತು.

"ಇದ್ದಾನವಾ, ಇದ್ದಾನ. ಯಾರಿಗೂ ಹೇಳಬ್ಯಾಡ ಅಂದಾನ. ಸ್ನಾನಕ್ಕ ಹೋಗ್ಯಾನ. ನೀ ಅಳಬ್ಯಾಡ."

ಅಂಗಳದಲ್ಲಿ ಹಬ್ಬವಾದಂತಾಯಿತು. ಮಂದಾರ ಅಕ್ಕನ ತಲೆ ಸವರಿದ. "ನೀ ಇಲ್ಲೇ ಪೊಲೀಸರ ಕಾಗದಪತ್ರ ಮುಗಿಸಕ್ಕಾ. ಭಾವನ್ನ ನಾ ಕರಕೊಂಡು ಬರ್ತೀನಿ. ಅತ್ಯಾನ್ನ ಗುಡ್ಡದ ಗುಡಿಗೆ ದರ್ಶನಕ್ಕ ಕಳಿಸು. ಅವರ ಮುಂದ ಭಾವಗ ನಾಚಿಕಿ ಆಗ್ತದ. ನಾ ಬರೋದೂ ಹೇಳಬ್ಯಾಡ ಅನ್ನು, ಇಲ್ಲಾಂದ್ರ ಮತ್ತೆಲ್ಲೆರ ಹೋಗಿಬಿಡ್ತಾರ."

ಎಷ್ಟು ತಿಳುವಳಿಕೆಯ ಹುಡುಗ ಅನ್ನಿಸಿತು ನನಗೆ. "ಚಲೋ ಮಾತು, ಲಗೂನ ಹೋಗಪಾ," ಎಂದು ಇಂದೂವೂ ಹೇಳಿದಳು. ಅಂಬಾದಾಸ ಒಂದು ಹೇಳಿಕೆಗೆ ಸಾಹೇಬರನ್ನು ನೆಟ್ಟಗೆ ಠಾಣೆಗೇ ತರಬೇಕೆಂದ. ಮಂದಾರ ಕೈ ಮುಗಿದು ತನ್ನ ಗಾಡಿ ಹತ್ತಿದ. ಸುರಭಿ ಅತ್ಯಾಗೆ ಮತ್ತೆ ಫೋನು ಮಾಡಿ ಅವನು ಹೇಳಿದಂತೆಯೇ ಹೇಳಿದಳು.

ಹೇಳಿಕೆ, ಸಹಿ, ಝೆರಾಕ್ಸ್ ಎಂದು ಒಂದು ತಾಸಿಗೂ ಮೇಲೆ ಹಿಡಿಯಿತು. ನಾವು ಬೇವಿನ ನೆರಳಲ್ಲಿ ಕೂತು ಹರಟಿದೆವು. ಸುರಭಿ ಮೂರು ದಿನದ ಮೇಲೆ ಮೊದಲ ಸಲ ಉಂಡಳು. ಚಲುವರಾಜು ತನ್ನ ತಪ್ಪನ್ನು ತಾನೇ ಆಡಿಕೊಂಡು ನಗಿಸಿದ. ಇಷ್ಟು ನಿರಾಳವಾದ ಮಧ್ಯಾಹ್ನ ಈ ಪ್ರಕರಣ ಶುರುವಾದಂದಿನಿಂದ ಬಂದಿರಲಿಲ್ಲ.

ಹುಲಿಗೆಪ್ಪನನ್ನು ಹೊರಗೆ ಕರೆತಂದರು. ಅವನು ಸುತ್ತ ನೋಡಿದ.

"ಮಂದಾರ ಸಾಹೇಬ್ರು ಎಲ್ಲಿ ಅದಾರ?"

"ನಿಮ್ಮ ದಿಗಂಬರ ಸಾಹೇಬ್ರು ಸಿಕ್ಕಾರ್ರಿ!" ಶಿವಕಾಂತಾ ಓಡಿಹೋಗಿ ಹೇಳಿದಳು. "ಜೇಜುರಿಯಾಗ ಅದಾರಂತ. ತಾವ ಎಣ್ಣಿ ಇಳಿಸ್ಯಾರಂತ. ಮಂದಾರ ಸಾಹೇಬ್ರು ಕರಕೊಂಡು ಬರಾಕ ಹೋಗ್ಯಾರ."

ಹುಲಿಗೆಪ್ಪ ಹಣೆ ಚಚ್ಚಿಕೊಂಡ.

"ನಾ ಬಾಯಿ ಬಿಡಬಾರದಿತ್ತು," ಎಂದ. "ಅಮ್ಮಾರ, ಗೇರ್‌ಬಾಕ್ಸ್ ಸುಡ್ತೈತಿ ಅಂತ ಒದರಿಬಿಟ್ಟೆ. ಸುಡ್ಲಿ ಅಂತ ಬಿಡಬೇಕಿತ್ತು. ನಾ ಜೈಲಿಗಿ ಹೋಗಿದ್ರ ಚಲೋ ಇತ್ತು."

ಇಂದೂ ಎದ್ದು ನಿಂತಳು. "ಏನು ಹೇಳ್ತೀಯೋ?"

"ಎಣ್ಣಿ ಹೆಂಗ ಇಳಿಸೋದು ಅಂತ ಸಾಹೇಬ್ರಿಗಿ ಕಲಿಸಿದವ ನಾನ ರೀ, ಮಂಗಳವಾರ. 'ಸೋಮವಾರದ ತನಕ ಎಲ್ರೂ ನಿನ್ನ ಮ್ಯಾಲೆ ಅನುಮಾನ ಪಡ್ತಾರ, ತಡಕೊಂತೀ ಏನು?' ಅಂದ್ರು. ತಡಕೊಂತೀನಿ ಅಂದೆ. ಹ್ವಾದ ತಿಂಗಳ ಕಾರ್ಖಾನ್ಯಾಗ ಕೆಲಸಕ್ಕಿದ್ದ ಮರೆಮ್ಮನ ಗಂಡ ಪ್ರೆಸ್ಸಿನಾಗ ಸಿಕ್ಕು ಸತ್ನಲ್ರಿ, ಅದರ ವಿಚಾರಣಿ ಸೋಮವಾರ ಐತಿ. ಕೈ ಸಿಗದಂಗ ತಡಿಯೋ ಮಷೀನಿನ ಗಾರ್ಡು ತಗಿಸಿದವ್ರು ಯಾರಂತ ಸಾಹೇಬ್ರು ಸಾಕ್ಷಿ ಹೇಳೋರಿದ್ರು. ಹೇಳಿದ್ರ ಜೀವಂತ ಬಿಡಂಗಿಲ್ಲ ಅಂತ ಅವ್ರಿಗಿ ಧಮಕಿ ಇತ್ತು. ನಾ ಒಳಗ ಇರೋ ತನಕ, ಹುಲಿಗೆಪ್ಪ ಅವ್ರನ್ನ ಕೊಂದಾನ ಅಂತ ನಂಬಿಕೊಂಡು, ಅವ್ರನ್ನ ಯಾರೂ ಹುಡುಕ್ತಿರಲಿಲ್ಲ."

"ಗಾರ್ಡು ತಗಿಸಿದವರು ಯಾರು?" ಕೇಳಿದಳು ಸುರಭಿ. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು ಎಂದು ನನಗನ್ನಿಸುತ್ತದೆ.

ಹುಲಿಗೆಪ್ಪ ಅವಳ ಮುಖ ನೋಡಲಿಲ್ಲ. "ನಿಮ್ಮ ತಮ್ಮಾರ್ರಿ, ಬಾಯಾರ."

ಅಂಬಾದಾಸ ಜೀಪಿಗಾಗಿ ಕೂಗುತ್ತ ಓಡಿದ. ಇಂದೂ ಸುರಭಿಯ ಫೋನು ತೆಗೆದುಕೊಂಡು ಅತ್ಯಾನ ಮನೆಯ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಗಂಟೆ ಬಡಿಯಿತು. ಬಹಳ ಹೊತ್ತು ಬಡಿಯಿತು. ಆಮೇಲೆ ಯಾರೋ ಎತ್ತಿದರು.

"ಅಕ್ಕಾ?" ಮಂದಾರನ ದನಿ. ಯಾವ ಗಡಿಬಿಡಿಯೂ ಇಲ್ಲದ, ಬೆಳಿಗ್ಗೆ ಚಹಾ ಹಂಚಿದಾಗಿನ ಅದೇ ದನಿ. "ನೀ ಇನ್ನ ಚಿಂತಿ ಮಾಡಬ್ಯಾಡ. ಭಾವ ಮಲಗ್ಯಾರ."

"ಎಬ್ಬಿಸು," ಎಂದಳು ಸುರಭಿ. "ಮಂದಾರಾ, ಅವರನ್ನ ಎಬ್ಬಿಸು."

ಆ ಕಡೆ ಫೋನು ಇಟ್ಟ ಸದ್ದಾಯಿತು.